ಪಹಣಿಯಲ್ಲಿ ಮಾವನ ಹೆಸರು, ಹೊಲದಲ್ಲಿ ನಾನು

ಓದುಗರ ಪ್ರಶ್ನೆ, ನನ್ನ ಉತ್ತರ

ಬೆಳೆ ಪರಿಹಾರದ ಬಗ್ಗೆ ಏನೇ ಅನುಮಾನ ಇದ್ದರೂ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಒಂದು ಚೀಲ ತುಂಬಾ ಪತ್ರ ಬಂದಿವೆ. ಮಂಡ್ಯ ಜಿಲ್ಲೆಯವೇ ಜಾಸ್ತಿ, ಮೈಸೂರು ಕಡೆಯವೂ ಇವೆ. ಹೊಸದಾಗಿ ಓದುತ್ತಿರುವವರಿಗೆ ನನ್ನ ಪರಿಚಯ ಇಷ್ಟೇ: ಗ್ರಾಮ ಲೆಕ್ಕಿಗಳಾಗಿ ಸೇರಿ, ರಾಜಸ್ವ ನಿರೀಕ್ಷಕಿಯಾಗಿ ನಿವೃತ್ತಳಾದವಳು. 31 ವರ್ಷ ಹೋಬಳಿಯ ಹಳ್ಳಿಗಳನ್ನು ಸುತ್ತಿದ್ದೇನೆ. ಮುಳುಗಿದ ಗದ್ದೆಯನ್ನೂ ಒಣಗಿದ ಹೊಲವನ್ನೂ ನಿಂತು ನೋಡಿ ಪಟ್ಟಿ ಬರೆದಿದ್ದೇನೆ. ನಿಮ್ಮ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಸಂಕಟ ಹೇಳುತ್ತವೆ. ಬೆಳೆ ಹೋದದ್ದು ನಮ್ಮದು, ದುಡ್ಡು ಮಾತ್ರ ನಮಗೆ ಬರಲಿಲ್ಲ ಅಂತ. ಅದಕ್ಕೇ ಅಂಥ ಪತ್ರಗಳನ್ನೇ ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕು. 30 ಗುಂಟೆ ನೀರಾವರಿ ಗದ್ದೆ. 2025ರ ಮಳೆಗೆ ಭತ್ತ ನಾಲ್ಕು ದಿನ ನೀರಲ್ಲಿ ನಿಂತು ಹಾಳಾಯಿತು. ಪಕ್ಕದ ಗದ್ದೆಯವರಿಗೆ ಪರಿಹಾರ ಬಂತು, ನನಗೆ ಬಂದಿಲ್ಲ. ಇಬ್ಬರಿಗೂ ಬದು ಒಂದೇ, ಬಂದ ನೀರೂ ಒಂದೇ. ಹೀಗ್ಯಾಕೆ? ನನಗೆ ಬರಬೇಕಾದ್ದು ಎಷ್ಟು?

ಉತ್ತರ: ಅಣ್ಣಾ, ಮೊದಲು ಎಷ್ಟು ಅನ್ನುವುದನ್ನು ನೋಡೋಣ. ಕೇಂದ್ರದ ನಿಯಮದಲ್ಲಿ ಒಂದು ಹೆಕ್ಟೇರಿಗೆ ಮಳೆ ನಂಬಿದ ಖುಷ್ಕಿ ಬೆಳೆಗೆ 8,500 ರೂಪಾಯಿ, ನೀರಾವರಿಗೆ 17,000, ತೆಂಗಿನಂಥ ಬಹುವಾರ್ಷಿಕ ಬೆಳೆಗೆ 22,500. ಇದು 2022ರಿಂದ ನಡೆದು ಬಂದ ದರ. 2025ರ ಮಳೆ ಹಾನಿಗೆ ರಾಜ್ಯ ಸರ್ಕಾರ ಹೆಕ್ಟೇರಿಗೆ ಇನ್ನೂ 8,500 ಸೇರಿಸಿ ಕೊಡುವುದಾಗಿ ಹೇಳಿತು. ಅಲ್ಲಿಗೆ ನೀರಾವರಿಗೆ 25,500 ಆಯಿತು. ನಮ್ಮ ಕಡೆ ಹೆಕ್ಟೇರು ಅಂದರೆ ಯಾರಿಗೂ ತಲೆಗೆ ಹತ್ತುವುದಿಲ್ಲ, ಗುಂಟೆ ಲೆಕ್ಕ ಹಾಕಿ. ಬರೀ ಕೇಂದ್ರದ ದರವಾದರೆ ಗುಂಟೆಗೆ ಸುಮಾರು 172 ರೂಪಾಯಿ. ರಾಜ್ಯದ್ದೂ ಸೇರಿದರೆ 258. ನಿಮ್ಮ 30 ಗುಂಟೆಗೆ 7,740 ರೂಪಾಯಿ ಆಸುಪಾಸು. ನಾಟಿ, ಕಳೆ, ಗೊಬ್ಬರಕ್ಕೆ ನೀವು ಸುರಿದದ್ದನ್ನು ಇದು ತುಂಬಿಕೊಡುವುದಿಲ್ಲ, ಅದು ನನಗೂ ಗೊತ್ತು. ಕಡತದಲ್ಲಿ ಇದರ ಹೆಸರೇ ಇನ್‌ಪುಟ್ ಸಬ್ಸಿಡಿ. ಮತ್ತೆ ಬಿತ್ತುವುದಕ್ಕೆ ಒಂದಿಷ್ಟು ಆಸರೆ, ಅಷ್ಟೇ. ಒಬ್ಬ ರೈತರಿಗೆ ಎರಡು ಹೆಕ್ಟೇರಿನವರೆಗೆ, ಅಂದರೆ ಹತ್ತಿರ ಹತ್ತಿರ 4 ಎಕರೆ 38 ಗುಂಟೆಗೆ ಮಾತ್ರ ಸಿಗುತ್ತದೆ.

ಇನ್ನು ಪಕ್ಕದವರಿಗೆ ಬಂದು ನಿಮಗೆ ಯಾಕೆ ಬರಲಿಲ್ಲ ಅನ್ನುವುದು. ನೀರು ಬದು ನೋಡಿಕೊಂಡು ನಿಲ್ಲುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಒಂದೊಂದು ಸರ್ವೆ ನಂಬರೂ ಬೇರೆ ಬೇರೆ. ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ನಿಮ್ಮ ಎಫ್‌ಐಡಿಯಲ್ಲಿ ಈ ಗದ್ದೆಯ ಸರ್ವೆ ನಂಬರ್ ಸೇರಿದೆಯಾ ಅಂತ ನೋಡಿಸಿ. ಎಫ್‌ಐಡಿ ಅಂದರೆ ರೈತರ ಹೆಸರು, ಜಮೀನು ನೋಂದಾಯಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮಗೆ ಕೊಟ್ಟಿರುವ ನಂಬರು. ಎಷ್ಟೋ ಜನ ಪಿಎಂ ಕಿಸಾನ್ ದುಡ್ಡಿಗೆ ಅಂತ ಒಂದೇ ಒಂದು ಸರ್ವೆ ನಂಬರ್ ಸೇರಿಸಿ ಮನೆಗೆ ಬಂದಿದ್ದಾರೆ. ಉಳಿದ ಜಮೀನು ಅದರಲ್ಲಿ ಇಲ್ಲವೇ ಇಲ್ಲ. ಸೇರದ ಜಮೀನಿಗೆ ಪರಿಹಾರದ ಲೆಕ್ಕವೇ ಏಳುವುದಿಲ್ಲ.

ಅಲ್ಲಿ ಸರಿ ಇದ್ದರೆ ಬೆಳೆ ಸಮೀಕ್ಷೆ ನೋಡಿ. ನೀವು ಹಾಕಿದ್ದು ಭತ್ತ, ಸಮೀಕ್ಷೆ ಮಾಡಿದ ಹುಡುಗ ಕಬ್ಬು ಅಂತ ಒತ್ತಿದ್ದಾನೋ ಏನೋ. ಬೀಳು ಅಂತಲೂ ಇರಬಹುದು. ಬೆಳೆ ದರ್ಶಕ್ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿದರೆ ಏನು ದಾಖಲಾಗಿದೆ ಅಂತ ಫೋಟೋ ಸಮೇತ ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಆದರೆ ಅದಕ್ಕೆ ಗಡುವು ಇರುತ್ತದೆ. ಬೆಳೆ ಮುಳುಗಿದ ಮೇಲೆ ನೋಡಿದರೆ ಆಗಲ್ಲ, ಬಿತ್ತಿ ತಿಂಗಳಾಗುವುದರೊಳಗೆ ನೋಡುವುದು ಒಳ್ಳೆಯದು.

ಕೊನೆಯದು ಬ್ಯಾಂಕು. ದುಡ್ಡು ಬರುವುದು ನೀವು ಪಾಸ್‌ಬುಕ್ ಜೆರಾಕ್ಸ್ ಕೊಟ್ಟ ಖಾತೆಗೆ ಅಂದುಕೊಳ್ಳಬೇಡಿ. ಆಧಾರ್ ಯಾವ ಖಾತೆಗೆ ಕೊನೆಯ ಸಲ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ನಮ್ಮ ಬೀದಿಯಲ್ಲೇ ಒಬ್ಬರು ಮೂರು ತಿಂಗಳು ತಾಲ್ಲೂಕು ಕಚೇರಿಗೆ ಅಲೆದರು. ಒಂದು ದಿನ ನನ್ನ ಜಗಲಿ ಮೇಲೆ ಕುಳಿತು, ಇರುವ ಪಾಸ್‌ಬುಕ್ಕುಗಳನ್ನೆಲ್ಲ ಹರಡಿದರು. ನಾಲ್ಕು ಇದ್ದವು. ಡೇರಿ ಹಾಲಿನ ಬಟವಾಡೆಗೆ ಅಂತ ಹಿಂದಿನ ವರ್ಷ ತೆಗೆದ ಖಾತೆ ಅವರಿಗೆ ಮರೆತೇ ಹೋಗಿತ್ತು. ಎಂಟ್ರಿ ಹಾಕಿಸಿ ಬನ್ನಿ ಅಂದೆ. ಪರಿಹಾರ ಅದರಲ್ಲಿ ತಣ್ಣಗೆ ಕುಳಿತಿತ್ತು. ಹಾಗಾಗಿ ಇರುವ ಖಾತೆಗಳನ್ನೆಲ್ಲ ಒಮ್ಮೆ ನೋಡಿಬಿಡಿ.

ಇದೆಲ್ಲ ಸರಿ ಇದ್ದೂ ಬರದಿದ್ದರೆ, ನಿಮ್ಮ ಗದ್ದೆಯ ನಷ್ಟ ಶೇ 33ಕ್ಕಿಂತ ಕಡಿಮೆ ಅಂತ ಬರೆದಿರಬಹುದು. ಮೊದಲು ಅರ್ಧ ಬೆಳೆ ಹೋದರೆ ಮಾತ್ರ ಪರಿಹಾರ ಅಂತಿತ್ತು. 2015ರಲ್ಲಿ ಅದನ್ನು ಶೇ 33ಕ್ಕೆ ಇಳಿಸಿದರು. ಈ ಲೆಕ್ಕ ಹಾಕುವ ಕೆಲಸ ನಾನೇ ಮಾಡಿದ್ದೇನೆ, ಅದರ ಕಷ್ಟ ಗೊತ್ತು. ನೀರು ಇಳಿದ ಎರಡನೇ ದಿನ ಗದ್ದೆಗೆ ಇಳಿದರೆ ಪೈರು ಹಸಿರಾಗಿಯೇ ಕಾಣುತ್ತದೆ. ಬದುವಿನ ಮೇಲೆ ನಿಂತು ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಕೆಸರಿಗೆ ಇಳಿದು ಒಂದು ತೆನೆ ಕಿತ್ತು ಉಗುರಲ್ಲಿ ಕಾಳು ಒತ್ತಬೇಕು. ಹಾಲು ಬಂದರೆ ಜೀವ ಇದೆ. ಕಂದು ನೀರು ಬಂದರೆ, ಅಥವಾ ಸಿಪ್ಪೆ ಸುಮ್ನೆ ಚಪ್ಪಟೆಯಾದರೆ, ಆ ತೆನೆ ಜೊಳ್ಳು. ಗದ್ದೆಯ ನಾಲ್ಕು ಮೂಲೆ, ನಡುವೆ ಒಂದು ಕಡೆ ಹೀಗೆ ನೋಡಿದರೆ ನಷ್ಟ ತಿಳಿಯುತ್ತದೆ. ಎಲ್ಲರೂ ಕೆಸರಿಗೆ ಇಳಿಯುವುದಿಲ್ಲ. ಕಂದಾಯ, ಕೃಷಿ, ತೋಟಗಾರಿಕೆಯವರು ಜಂಟಿ ಸಮೀಕ್ಷೆಗೆ ಬಂದ ದಿನ ನೀವೇ ಗದ್ದೆಯಲ್ಲಿರಿ. ತೆನೆ ಕಿತ್ತು ಅವರ ಕೈಗೆ ಕೊಡಿ. ಈಗ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು, ಸರ್ವೆ ನಂಬರ್ ಬರೆದು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ ಹೇಳಿ ಬಂದರೆ ಅದು ಅಲ್ಲಿಗೇ ಮುಗಿಯಿತು.

ಪ್ರಶ್ನೆ: ಅಮ್ಮಾವ್ರೇ, ನಾನು ಮಳವಳ್ಳಿ ತಾಲ್ಲೂಕಿನವಳು. ಯಜಮಾನರು ಹೋಗಿ ನಾಲ್ಕು ವರ್ಷ ಆಯಿತು. ಒಂದು ಎಕರೆ 10 ಗುಂಟೆ ಖುಷ್ಕಿ ಹೊಲದಲ್ಲಿ ರಾಗಿ, ಹುರುಳಿ ಬೆಳೆಯುತ್ತೇನೆ. ಪಹಣಿ ಇನ್ನೂ ನಮ್ಮ ಮಾವನ ಹೆಸರಲ್ಲಿದೆ. ಅವರು ತೀರಿಕೊಂಡು 12 ವರ್ಷ. 2023ರ ಬರಕ್ಕೆ ರಾಗಿ ಒಣಗಿ ಹೋಯಿತು. ಊರಲ್ಲಿ ಸುಮಾರು ಜನಕ್ಕೆ ದುಡ್ಡು ಬಂತು, ನನಗೆ ನಿಮ್ಮ ಹೆಸರೇ ಇಲ್ಲ ಅಂದರು. ಮೈದುನ ಬೆಂಗಳೂರಿನಲ್ಲಿದ್ದಾರೆ, ನಾದಿನಿ ಮದುವೆಯಾಗಿ ಹೋಗಿದ್ದಾರೆ. ಖಾತೆ ವಿಷಯ ಎತ್ತಿದರೆ ಜಗಳ ಆಗುತ್ತದೆ ಅಂತ ಭಯ. ಏನು ಮಾಡಲಿ?

ಉತ್ತರ: ತಾಯಿ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

2001ರಿಂದ ನಮ್ಮಲ್ಲಿ ಸಾಲಾಗಿ ಮೂರು ವರ್ಷ ಮಳೆ ಕೈಕೊಟ್ಟಿತು. ಆಗ ನಾನು ಗ್ರಾಮ ಲೆಕ್ಕಿಗಳು. ಒಂದು ಬೆಳಿಗ್ಗೆ ವಯಸ್ಸಾದ ಹೆಂಗಸೊಬ್ಬರು ಬಂದರು. ಮಡಿಲಿನಿಂದ ಹಾಲಿನ ಕವರೊಂದನ್ನು ತೆಗೆದರು. ಒಳಗೆ ನಾಲ್ಕು ಮಡಿಕೆ ಮಾಡಿದ ಪಹಣಿ. ಮಡಿಕೆ ಇದ್ದ ಕಡೆಯೆಲ್ಲ ಸವೆದು, ಬೆಳಕು ಕಾಣುತ್ತಿತ್ತು. ನನ್ನ ಮೇಜಿನ ಮೇಲೆ ಅದನ್ನು ಇಟ್ಟು ಅಂಗೈಯಿಂದ ಮೆಲ್ಲಗೆ ಸವರಿ ಸಪಾಟು ಮಾಡಿದರು. ಆ ಅಂಗೈಯ ಗೆರೆಗಳಲ್ಲಿ ಕಳೆ ಕಿತ್ತ ಹಸಿರು ಕಲೆ ಇನ್ನೂ ಹೋಗಿರಲಿಲ್ಲ. ಪಹಣಿಯಲ್ಲಿದ್ದದ್ದು ಅವರ ಮಾವನ ಹೆಸರು. "ಇವರು ಎಲ್ಲಿ?" ಅಂದೆ. "ಅವ್ರು ಹೋಗಿ ಅತ್ತೊಂಬತ್ತು ವರ್ಸ ಆಯ್ತು ಕಣವ್ವ. ನಮ್ಮೆಜಮಾನ್ರೂ ಹೋದ್ರು. ಉಳೋಳು ನಾನೇಯ" ಅಂದರು. ಪಟ್ಟಿಯಲ್ಲಿ ಖಾತೆದಾರರ ಹೆಸರನ್ನೇ ಬರೆಯಬೇಕು ಅನ್ನುವುದು ನಿಯಮ. ಈ ತಾಯಿಯ ಹೆಸರು ನಾನು ಬರೆಯಲಿಲ್ಲ. "ಸತ್ತೋರ್ ಹೆಸ್ರಿಗಾದ್ರೂ ಕೊಡ್ರವ್ವ, ನಾನ್ ಹೋಗಿ ಈಸ್ಕೊತೀನಿ" ಅಂತ ಅವರು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಆವತ್ತು ನಾನು ಮಾಡಬೇಕಿದ್ದ ಕೆಲಸ ಒಂದಿತ್ತು. ಅಲ್ಲೇ ಕೂರಿಸಿಕೊಂಡು ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ಅರ್ಜಿ ಬರೆದುಕೊಡಬೇಕಿತ್ತು. ಕೆಲಸದ ಗಲಾಟೆಯಲ್ಲಿ ಇನ್ನೊಂದು ದಿನ ಬನ್ನಿ ಅಂದುಬಿಟ್ಟೆ. ಅವರು ಮತ್ತೆ ಬರಲಿಲ್ಲ. ತಪ್ಪು ನನ್ನದು.

ಈಗ ನಿಮ್ಮ ವಿಷಯ. 2023ರಲ್ಲಿ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತ್ತು. 2024ರ ಜನವರಿಯಲ್ಲಿ ಮೊದಲ ಕಂತಾಗಿ 2,000 ರೂಪಾಯಿವರೆಗೆ ಕೊಟ್ಟರು. ಕೇಂದ್ರದ ದುಡ್ಡಿಗಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್‌ನಲ್ಲಿ 3,454 ಕೋಟಿ ಬಂತು, ಆಮೇಲೆ ಉಳಿದದ್ದು ಹಾಕಿದರು. ಖುಷ್ಕಿ ದರದಲ್ಲಿ ಗುಂಟೆಗೆ 86 ರೂಪಾಯಿ. ನಿಮ್ಮ 50 ಗುಂಟೆಗೆ ಸುಮಾರು 4,300 ಆಗುತ್ತಿತ್ತು. ದೊಡ್ಡ ಸರ್ಕಾರಗಳು ದೆಹಲಿಯವರೆಗೆ ಹೋಗಿ ತಂದ ದುಡ್ಡು, ಒಂದು ಹೆಸರು ಬದಲಾಗದೆ ಇದ್ದದ್ದಕ್ಕೆ ನಿಮ್ಮ ಮನೆ ಬಾಗಿಲಿಗೆ ಬರಲಿಲ್ಲ. ಸತ್ತವರಿಗೆ ಆಧಾರ್ ಜೋಡಣೆ ಮಾಡಲು ಆಗುವುದಿಲ್ಲ, ಎಫ್‌ಐಡಿ ಮಾಡಿಸಲೂ ಆಗುವುದಿಲ್ಲ. ಆಗಿನ ಪಟ್ಟಿ ಮುಗಿದುಹೋಗಿದೆ, ಆ ದುಡ್ಡಿನ ಆಸೆ ಬಿಡಿ. ಮುಂದಿನದಕ್ಕೆ ಈಗಲೇ ಹೊರಡಿ.

ಮಾವನವರದು ಒಂದು, ಯಜಮಾನರದು ಒಂದು, ಎರಡು ಮರಣ ಪತ್ರ ಬೇಕು. ಮಾವನವರ ಮರಣ ನೋಂದಣಿಯೇ ಆಗಿಲ್ಲದಿದ್ದರೆ, ಒಂದು ವರ್ಷ ದಾಟಿರುವುದರಿಂದ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಅದಕ್ಕೇ ಹೊತ್ತು ಹಿಡಿಯುವುದು, ಅದನ್ನೇ ಮೊದಲು ಶುರು ಮಾಡಿ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡಿ. ಅದರಲ್ಲಿ ಯಾರನ್ನೂ ಬಿಡಬೇಡಿ. ಮೈದುನ, ನಾದಿನಿ, ಅತ್ತೆ ಇದ್ದರೆ ಅತ್ತೆ, ನೀವು, ನಿಮ್ಮ ಮಕ್ಕಳು ಎಲ್ಲರೂ ಇರಲಿ. ನಾದಿನಿಯ ಹೆಸರು ಬಿಟ್ಟರೆ ಸಲೀಸು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ನಿಮ್ಮ ಹಕ್ಕು ಕೇಳುವಾಗ ಇನ್ನೊಬ್ಬ ಹೆಣ್ಣುಮಗಳ ಹಕ್ಕು ತುಳಿಯುವುದು ಬೇಡ, ಅಲ್ವಾ? ಹಾಗೆ ಬಿಟ್ಟು ಮಾಡಿಸಿದ ಖಾತೆ ನಾಳೆ ತಕರಾರಾಗಿ ನಿಮ್ಮ ಕುತ್ತಿಗೆಗೇ ಬರುತ್ತದೆ.

ಮೈದುನರಿಗೆ ಹೇಗೆ ಹೇಳುವುದು ಅಂತ ಹಿಂಜರಿಯುತ್ತಿದ್ದೀರಿ. ಹೀಗೆ ಹೇಳಿ: "ಇದು ಪಾಲು ಅಲ್ಲ, ಸತ್ತವರ ಹೆಸರು ತೆಗೆದು ಬದುಕಿರುವ ನಮ್ಮೆಲ್ಲರ ಹೆಸರು ಹಾಕಿಸುವುದು, ಅಷ್ಟೇ." ಅದು ನಿಜವೂ ಹೌದು. ಪೌತಿ ಖಾತೆ ಮಾಡಿಸಿದರೆ ಹೊಲ ಹಂಚಿಹೋಗುವುದಿಲ್ಲ. ವಾರಸುದಾರರ ಹೆಸರು ಜಂಟಿಯಾಗಿ ಏರುತ್ತದೆ. ಮುಂದೆ ಮನಸ್ಸು ಕೂಡಿದಾಗ ವಿಭಾಗ ಪತ್ರ, ಯಾರ ಭಾಗ ಎಲ್ಲಿ ಅಂತ ಅಳೆದು ತೋರಿಸುವ 11ಇ ನಕ್ಷೆ ಮಾಡಿಸಿ ಪಹಣಿ ಬೇರೆ ಮಾಡಿಕೊಳ್ಳಬಹುದು. ಅವರಿಗೂ ಇದರಲ್ಲಿ ಲಾಭವೇ. ಮಾವನ ಹೆಸರಲ್ಲೇ ಇದ್ದರೆ ಅವರಿಗೂ ಸಾಲ ಹುಟ್ಟುವುದಿಲ್ಲ. ಮಾತಾಡುವಾಗ ನಾದಿನಿಯನ್ನು ಮೊದಲು ಜೊತೆಗೆ ಕರೆದುಕೊಳ್ಳಿ. ಇಬ್ಬರು ಹೆಣ್ಣುಮಕ್ಕಳು ಒಟ್ಟಿಗೆ ಕೇಳಿದರೆ ಮಾತಿಗೆ ತೂಕ ಬರುತ್ತದೆ, ಇದು ನಾನು ಕಣ್ಣಾರೆ ನೋಡಿದ್ದು. ಹಕ್ಕು ಬಿಡುಗಡೆ ಪತ್ರ ಅಂತ ಯಾರಾದರೂ ಕಾಗದ ತಂದರೆ ಮಾತ್ರ ಹೆಬ್ಬೆಟ್ಟು ಒತ್ತಬೇಡಿ, ಸಹಿ ಹಾಕಬೇಡಿ. ಓದಿಸಿ ಕೇಳಿ.

2025ರಲ್ಲಿ ಸರ್ಕಾರ ಇ-ಪೌತಿ ಅಭಿಯಾನ ಶುರು ಮಾಡಿತು. ಗ್ರಾಮ ಆಡಳಿತ ಅಧಿಕಾರಿಗಳೇ (ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದೆವು) ಊರಿಗೆ ಬಂದು, ಸತ್ತವರ ಹೆಸರಲ್ಲಿರುವ ಜಮೀನು ಗುರುತಿಸಿ ಅರ್ಜಿ ತೆಗೆದುಕೊಳ್ಳುವ ಕೆಲಸ ಅದು. ನಿಮ್ಮ ಊರಿನ ಅಧಿಕಾರಿಯನ್ನು ಹೋಗಿ ಕೇಳಿ. ನಾಚಿಕೆ ಪಟ್ಟುಕೊಳ್ಳಬೇಡಿ. ಖಾತೆ ಆದ ದಿನವೇ ಹೊಸ ಪಹಣಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಎಫ್‌ಐಡಿ ಮಾಡಿಸಿ. ಜಂಟಿ ಖಾತೆಯಲ್ಲಿ ನಿಮ್ಮ ಭಾಗ ಎಷ್ಟು ಸೇರಿತು ಅಂತ ಅಲ್ಲೇ ಕೇಳಿ ಬರೆಸಿಕೊಳ್ಳಿ. ಆದ ಮೇಲೆ ನನಗೊಂದು ಕಾರ್ಡು ಬರೆಯಿರಿ. ಕಾಯುತ್ತಿರುತ್ತೇನೆ.

ಪ್ರಶ್ನೆ: ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಹೊಳೆ ಪಕ್ಕ ಬೇರೆಯವರ ಎರಡು ಎಕರೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ, ಮಾಡುತ್ತೇನೆ. ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಬೆಳೆ ಕೊಚ್ಚಿಹೋಗಿ ಗದ್ದೆ ತುಂಬಾ ಮರಳು ನಿಂತಿತು. ಪರಿಹಾರ ಜಮೀನಿನ ಯಜಮಾನರ ಖಾತೆಗೆ ಹೋಯಿತು. ಬೀಜ, ಗೊಬ್ಬರ, ಕೂಲಿ ಎಲ್ಲ ನನ್ನದು. ಕಾನೂನಿನಲ್ಲಿ ನನಗೇನೂ ಇಲ್ಲವಾ?

ಉತ್ತರ: ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಈಗಿರುವ ಪದ್ಧತಿಯಲ್ಲಿ ದುಡ್ಡು ಪಹಣಿದಾರರಿಗೇ ಹೋಗುತ್ತದೆ. ಭೂಸುಧಾರಣೆ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿ ಪದ್ಧತಿಯೇ ರದ್ದಾಯಿತು. ಉಳುವವನೇ ಒಡೆಯನಾಗಲಿ ಅಂತ ಮಾಡಿದ ಒಳ್ಳೆಯ ಕಾನೂನು ಅದು. ಲಕ್ಷಾಂತರ ಮನೆಗಳಿಗೆ ಅನ್ನ ಕೊಟ್ಟಿದೆ. ಆದರೆ ಐವತ್ತು ವರ್ಷದಲ್ಲಿ ಊರು ಬದಲಾಯಿತು. ಜಮೀನಿದ್ದವರು ಬೆಂಗಳೂರು, ಮೈಸೂರು ಸೇರಿದರು, ಜಮೀನಿಲ್ಲದವರು ಮತ್ತೆ ವಾರಕ್ಕೆ ಹಿಡಿದರು. ಕಾಗದದಲ್ಲಿ ಗೇಣಿ ಇಲ್ಲ, ಹಾಗಾಗಿ ನಿಮ್ಮ ಹೆಸರು ಬರೆಯುವ ಕಾಲಂ ಇಲ್ಲ. ಬರೆದುಕೊಟ್ಟರೆ ನಾಳೆ ಜಮೀನೇ ಹೋಗುತ್ತದೆ ಅಂತ ಯಜಮಾನರಿಗೂ ಭಯ. ನಡುವೆ ಸಿಕ್ಕಿಕೊಂಡವರು ನೀವು. ಬೆಳೆ ಕಳೆದುಕೊಂಡವರಿಗೆ ಬೆಳೆ ಪರಿಹಾರ ಹೋಗಬೇಕು, ಈ ಜಾಗದಲ್ಲಿ ನಿಯಮ ತಿದ್ದಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜಮೀನಿಗೆ ಅಪಾಯ ಆಗದ ಹಾಗೆ, ಆ ಒಂದು ಬೆಳೆಗೆ ಮಾತ್ರ ಹೆಸರು ಬರೆಯುವ ದಾರಿ ಮಾಡುವುದು ಅಸಾಧ್ಯವೇನಲ್ಲ.

ಅಲ್ಲಿಯವರೆಗೆ ಮುಂಗಾರಿಗೆ ಮುಂಚೆಯೇ ಯಜಮಾನರ ಜೊತೆ ಮಾತಾಡಿ. ಪರಿಹಾರ ಬಂದರೆ ಖರ್ಚು ಹಾಕಿದವರಿಗೆ ಅಂತ ನಾಲ್ಕು ಜನರ ಎದುರು ಒಪ್ಪಿಸಿಕೊಳ್ಳಿ. 2024ರ ಜುಲೈ ಕೊನೆಯಲ್ಲಿ ಕೆಆರ್‌ಎಸ್ ತುಂಬಿ, ಲಕ್ಷ ಕ್ಯೂಸೆಕ್‌ಗಿಂತ ಜಾಸ್ತಿ ನೀರು ಬಿಟ್ಟ ವರ್ಷ, ನನಗೆ ಗೊತ್ತಿರುವ ಯಜಮಾನರೊಬ್ಬರು ಬಂದ ಪರಿಹಾರವನ್ನು ಒಂದು ರೂಪಾಯಿ ಬಿಡದೆ ವಾರಕ್ಕೆ ಮಾಡಿದವರಿಗೆ ಕೊಟ್ಟರು. "ನಾನು ಆ ವರ್ಷ ಗದ್ದೆ ಕಡೆ ತಲೆ ಹಾಕಿಲ್ಲ, ಅದು ನನ್ನದು ಹೇಗಾಗುತ್ತದೆ?" ಅಂದರು. ಊರಿನಿಂದ ದೂರ ಇರುವ ಜಮೀನುದಾರರು ಈ ಅಂಕಣ ಓದುತ್ತಿದ್ದರೆ ನಿಮ್ಮಲ್ಲೂ ಕೈಮುಗಿದು ಕೇಳುತ್ತೇನೆ, ಹಾಗೇ ಮಾಡಿ.

ಮರಳಿನ ವಿಷಯ ಬೇರೆ. ಗದ್ದೆಯ ಮೇಲೆ 3 ಇಂಚಿಗಿಂತ ದಪ್ಪ ಮರಳು, ಹೂಳು ನಿಂತರೆ ತೆಗೆಸಲು ಹೆಕ್ಟೇರಿಗೆ 18,000 ರೂಪಾಯಿ ಇದೆ, ಸಣ್ಣ ಮತ್ತು ಅತಿ ಸಣ್ಣ ರೈತರಿಗೆ. ಬೆಳೆ ಪರಿಹಾರ ಬಂತು ಅಂತ ಇದನ್ನು ಕೇಳುವುದು ಬಿಡುತ್ತಾರೆ. ಯಜಮಾನರಿಂದ ಅರ್ಜಿ ಹಾಕಿಸಿ. ಮರಳಿನಲ್ಲಿ ಒಂದು ಅಳತೆ ಪಟ್ಟಿ ನೆಟ್ಟು ಫೋಟೋ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಸಿಡಿಲು ಬಡಿದು ಕರೆಯುವ ಹಸು ಸತ್ತಿತು. ಏನಾದರೂ ಸಿಗುತ್ತದಾ? (ನಾಗಮಂಗಲ ತಾಲ್ಲೂಕು)

ಉತ್ತರ: ಸಿಗುತ್ತದೆ. ಕರೆಯುವ ಹಸು, ಎಮ್ಮೆಗೆ 37,500 ರೂಪಾಯಿ, ಕುರಿ, ಮೇಕೆಗೆ 4,000. ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡುವ ಮುಂಚೆ ಹೂಳಬೇಡಿ. ಮನೆಮಗಳಂತಿದ್ದ ಹಸುವನ್ನು ಹಾಗೇ ಬಿಟ್ಟಿರುವುದು ಸಂಕಟ, ಗೊತ್ತು. ಹಸುವಿನ ಕಿವಿಗೆ ಹಾಕಿದ ನಂಬರಿನ ಓಲೆ (ಟ್ಯಾಗ್) ಕಾಣುವ ಹಾಗೆ ಫೋಟೋ ತೆಗೆಯಿರಿ, ಅದೇ ದಿನ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ ಮಹಜರು ಮಾಡಿಸಿ.

ಪ್ರಶ್ನೆ: ಆನೆ ಬಂದು ಬಾಳೆ ತೋಟ ತುಳಿದು ಹೋಯಿತು. ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಿಲ್ಲ. (ಎಚ್.ಡಿ. ಕೋಟೆ ತಾಲ್ಲೂಕು)

ಉತ್ತರ: ಕಾಡುಪ್ರಾಣಿಯಿಂದ ಆದ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ. ಅವರು ಬಂದು ನೋಡುವವರೆಗೆ ಮುರಿದ ಗಿಡ ಎತ್ತಬೇಡಿ, ಹೆಜ್ಜೆ ಗುರುತು ಅಳಿಸಬೇಡಿ.

ಪ್ರಶ್ನೆ: ಪರಿಹಾರದ ದುಡ್ಡನ್ನು ಬ್ಯಾಂಕಿನವರು ಹಳೆಯ ಸಾಲಕ್ಕೆ ಹಿಡಿದುಕೊಂಡಿದ್ದಾರೆ. (ನಂಜನಗೂಡು ತಾಲ್ಲೂಕು)

ಉತ್ತರ: ಹಿಡಿಯಬಾರದು. 2024ರಲ್ಲಿ ಬರ ಪರಿಹಾರ ಹಾಕಿದಾಗ, ಅದನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬೇಡಿ ಅಂತ ಸರ್ಕಾರವೇ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತ್ತು. ಮ್ಯಾನೇಜರಿಗೆ ಲಿಖಿತವಾಗಿ ಕೊಡಿ, ಅದರ ಪ್ರತಿಯನ್ನು ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರಿಗೂ ಜಿಲ್ಲಾಧಿಕಾರಿ ಕಚೇರಿಗೂ ಕೊಡಿ.

ಪ್ರಶ್ನೆ: ಬೆಳೆ ವಿಮೆ ಕಟ್ಟಿದ್ದೇನೆ. ಪರಿಹಾರ ಬಂದಿದೆ, ಇನ್ನು ವಿಮೆ ಬರುವುದಿಲ್ಲ ಅನ್ನುತ್ತಾರೆ. ನಿಜವಾ? (ಪಾಂಡವಪುರ ತಾಲ್ಲೂಕು)

ಉತ್ತರ: ನಿಜ ಅಲ್ಲ. ಅದು ಬೇರೆ, ಇದು ಬೇರೆ. ವಿಮೆಗೆ ನೀವು ಕಂತು ಕಟ್ಟಿದ್ದೀರಿ, ಮುಂಗಾರಿನ ಆಹಾರ ಬೆಳೆಗೆ ವಿಮೆ ಮೊತ್ತದ ಶೇ 2. ಮುಖ್ಯ ಬೆಳೆಗೆ ಇಡೀ ಗ್ರಾಮ ಪಂಚಾಯಿತಿಯ ಇಳುವರಿ ನೋಡಿ ಲೆಕ್ಕ ಹಾಕುತ್ತಾರೆ. ಅದಕ್ಕೇ ಅದು ತಡವಾಗಿ ಬರುತ್ತದೆ. ಆಲಿಕಲ್ಲು ಮಳೆಯಂಥದ್ದು ನಿಮ್ಮ ಗದ್ದೆಗೆ ಮಾತ್ರ ಬಡಿದಿದ್ದರೆ 72 ಗಂಟೆಯೊಳಗೆ ವಿಮೆ ಕಂಪನಿಗೆ ತಿಳಿಸಬೇಕು. ರಸೀದಿ ಜೋಪಾನ.

ಮುಂದಿನ ಸಂಚಿಕೆಗೆ ಬರೆಯುವವರು ಆಧಾರ್ ನಂಬರು, ಖಾತೆ ನಂಬರು ಕಳಿಸಬೇಡಿ. ಮೂಲ ಪಹಣಿಯನ್ನಂತೂ ಕಳಿಸಲೇಬೇಡಿ. ಈ ಸಲ ಇಬ್ಬರು ಕಳಿಸಿದ್ದಾರೆ, ರಿಜಿಸ್ಟರ್ಡ್ ಅಂಚೆಯಲ್ಲಿ ವಾಪಸ್ ಹಾಕಿದ್ದೇನೆ. ತಾಲ್ಲೂಕು, ಬೆಳೆ, ಎಷ್ಟು ಗುಂಟೆ, ಯಾವ ದಿನ ಏನಾಯಿತು, ಪಹಣಿಯಲ್ಲಿ ಯಾರ ಹೆಸರಿದೆ, ಇಷ್ಟು ಬರೆದರೆ ಸಾಕು.